ಭರ್ತಿ ಮಾತು

ಫೋನು ಎಂದೂ ಕಟ್ ಆಗದ ಊರಿನಲ್ಲಿ ದೂರು ವಿಭಾಗದವನು ಏನು ಮಾಡುತ್ತಾನೆ? ನೊಣ ಹೊಡೆಯುತ್ತಾನೆ. ಗದಗಿನ ಕಂಟ್ರೋಲ್ ರೂಮಿನ ಮೂಲೆಯ ಮೇಜಿನಲ್ಲಿ ಕೂತು ನಾನು ಮಾಡುತ್ತಿದ್ದದ್ದು ಅದನ್ನೇ.

ನಾನು ಗುರುಪಾದ ಹೊಂಬಳಿ. ಸರ್ವಿಸಿನ ಉದ್ದಕ್ಕೂ ಜನರಿಂದ ಬೈಸಿಕೊಂಡು ಬದುಕಿದವನು. ‘ಹಲೋ ಹಲೋ ಅಂತ ಒದರಿ ಗಂಟಲ ಹರೀತು, ನಿಮ್ಮ ಟವರಿಗೆ ಬೆಂಕಿ ಹತ್ತಲಿ’ ಎಂಬ ಮಾತು ಕೇಳದೆ ನನಗೆ ಬೆಳಗಾಗುತ್ತಿರಲಿಲ್ಲ. ಬೈಗುಳ ತಿಂದೇ ಮಗಳ ಮದುವೆ ಮಾಡಿದೆ, ಮನೆಯ ಮೇಲೆ ಇನ್ನೊಂದು ಮಹಡಿ ಕಟ್ಟಿಸಿದೆ. ಬೆಸುಗೆ ಬಂದ ಮೇಲೆ ಬೈಯುವವರೇ ಇಲ್ಲವಾದರು. ಸುಖವಾಗಿ ಇರಬೇಕಿತ್ತು, ನನಗೆ ಯಾಕೋ ಸಂಶಯ. ನಮ್ಮ ಜನ ಅಷ್ಟು ಸುಲಭಕ್ಕೆ ತೃಪ್ತರಾಗುವ ಪೈಕಿ ಅಲ್ಲ.

ಬೆಸುಗೆ ಎಂದರೆ ನಮ್ಮ ಜಿಲ್ಲೆಯ ಎಲ್ಲ ವೈರ್‌ಲೆಸ್ ಜಾಲಗಳನ್ನೂ ಒಂದು ಮಾಡಿದ ವ್ಯವಸ್ಥೆ. ಕಂಪನಿಗಳ ಟವರುಗಳು ಒಂದು ಕಡೆ, ಪಂಚಾಯಿತಿಗಳ ವೈಫೈ ಕಂಬಗಳು ಒಂದು ಕಡೆ. ಬಸ್ಸುಗಳ ನೆತ್ತಿಯ ಮೇಲೆ ರೇಡಿಯೋ, ಕಪ್ಪತಗುಡ್ಡದ ಗಾಳಿಯಂತ್ರಗಳಿಗೆ ಅವುಗಳದೇ ಬೇರೆ ರೇಡಿಯೋ, ಎಲ್ಲಕ್ಕೂ ಮೇಲೆ ಉಪಗ್ರಹ. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಒಂದೇ ಮನೆಯಲ್ಲಿ ಐವರು ಸೊಸೆಯಂದಿರು ಇದ್ದ ಹಾಗೆ. ಎಲ್ಲರೂ ಬಲ್ಲವರೇ, ಅಡುಗೆ ಮಾತ್ರ ಆಗುತ್ತಿರಲಿಲ್ಲ. ಇವುಗಳನ್ನೆಲ್ಲ ಒಂದೇ ಒಲೆಯ ಮುಂದೆ ಕೂರಿಸಿದವಳು ನೀಲಾಂಬಿಕಾ. ವಯಸ್ಸಿನಲ್ಲಿ ನನ್ನ ಮಗಳ ಓರಗೆ, ಹುದ್ದೆಯಲ್ಲಿ ನನ್ನ ಸಾಹೇಬರು, ಮನೆಯಲ್ಲಿ ನನ್ನ ಬಾಡಿಗೆದಾರಳು. ನನ್ನ ಮೇಲ್ಮಹಡಿಯಲ್ಲಿ ಅವಳೂ ಅವಳ ಗಂಡ ಚನ್ನವೀರನೂ ಇದ್ದರು.

ಫೋನು ಒಂದು ಜಾಲದಿಂದ ಇನ್ನೊಂದಕ್ಕೆ ಜಿಗಿಯುವಾಗ ಮಾತಿನಲ್ಲಿ ಸಣ್ಣ ತೂತು ಬೀಳುತ್ತದೆ. ಆ ತೂತು ಮುಚ್ಚಲು ನೀಲಾ ಮಾಡಿದ್ದೇ ‘ಭರ್ತಿ’. ಮಾತಾಡುವವನ ದನಿ, ಅವನ ವಾಡಿಕೆಯ ಮಾತು, ಸದ್ಯ ನಡೆದಿರುವ ಸಂಗತಿ ಇಷ್ಟನ್ನೂ ಫೋನು ಬಲ್ಲದು. ಮುಂದೆ ಅವನು ಏನು ಅಂದಾನು ಎಂದು ಊಹಿಸಿ, ಅವನದೇ ದನಿಯಲ್ಲಿ ಅಂದುಬಿಡುತ್ತದೆ. ಇದಕ್ಕೆ ಮಿತಿ ಎರಡು ಸೆಕೆಂಡು. ಅಷ್ಟರೊಳಗೆ ನಿಜದ ಮಾತು ಬಾರದಿದ್ದರೆ ಟೊಂಯ್ ಎಂದು ಕಟ್ ಆಗಲೇಬೇಕು, ಇದು ಅವಳೇ ಹಾಕಿದ ಷರತ್ತು.

ಆ ತಿಂಗಳು ನನಗೆ ಬಂದದ್ದು ಒಂದೇ ದೂರು. ಡೋಣಿ ಊರಿನ ಫಕೀರವ್ವ ಎಂಬ ಮುದುಕಿ ಮಾಡಿದ್ದಳು. ಅವಳ ತಮ್ಮ ಔಷಧಿ ಬೇರು ಹುಡುಕುತ್ತ ತಿಂಗಳುಗಟ್ಟಲೆ ಗುಡ್ಡದಲ್ಲೇ ಇರುವವನು. ಕೈ ಮುಳ್ಳಿನಲ್ಲಿರುತ್ತದೆ ಎಂದು ಕೊರಳಿಗೆ ಸೋಲಾರ್ ಫೋನು ಕಟ್ಟಿಕೊಂಡಿದ್ದ, ರಿಂಗ್ ಆದರೆ ತಾನೇ ಎತ್ತಿಕೊಳ್ಳುವಂಥದ್ದು.

“ಏನ್ ದೂರು ಅಜ್ಜಿ?” ಎಂದೆ.

“ನಮ್ಮ ತಮ್ಮ ನನ್ನ ಬೈಯೋದ ಬಿಟ್ಟಾನ್ರಿ.”

“ಒಳ್ಳೇದಾತಲ್ಲ.”

“ಏನ್ ಒಳ್ಳೇದ್ರಿ? ಹುಟ್ಟಿದಾಗಿಂದ ಬೈದ ಮಾತಾಡ್ಸಾಂವ. ಈಗ ನಾ ಏನ ಅಂದ್ರೂ ‘ಹೂಂ ಅಕ್ಕಾ, ಆತಕ್ಕಾ’ ಅಂತಾನ. ನಿಮ್ಮ ಫೋನಿನಾಗ ಏನೋ ಕೆಟ್ಟೈತಿ, ನೋಡ್ರಿ.”

ಇದನ್ನು ನಾನು ನೀಲಾಳ ಮುಂದೆ ಇಟ್ಟೆ. ಅವಳು ನಕ್ಕಳು, ಸುತ್ತ ಕೂತವರೂ ನಕ್ಕರು. “ನಮ್ಮ ನೆಟ್‌ವರ್ಕ್‌ನಾಗ ಸಿಟ್ಟೂ ಇಳೀತದ ಅಂತಾತು ಸರ್. ಇದನ್ನ ದೂರಿನಾಗ ಹಾಕಬ್ಯಾಡ್ರಿ, ಮೆಚ್ಚುಗೆಯೊಳಗ ಹಾಕ್ರಿ,” ಅಂದಳು. ನಾನೂ ನಕ್ಕೆ. ನಗದೆ ಇರುವ ಮಾತಾಗಿರಲಿಲ್ಲ ಅದು.

ಈಗ ಗಂಡ ಹೆಂಡಿರ ಜಗಳದ ವಿಷಯ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮ ಮೇಲ್ಮಹಡಿಯವರದು ಹಾಗಲ್ಲ, ಮರುದಿನ ಮಧ್ಯಾಹ್ನದ ತನಕ. ಇಬ್ಬರೂ ಕಾಲೇಜಿನಲ್ಲಿ ಒಂದೇ ಬೆಂಚಿನವರಾದ್ದರಿಂದ ಒಬ್ಬರಿಗೊಬ್ಬರು ನೀನು ಎಂದೇ ಮಾತು. ಚನ್ನವೀರ ಕಪ್ಪತಗುಡ್ಡದ ಗಾಳಿಯಂತ್ರಗಳ, ನಮ್ಮ ಮಂದಿಯ ಮಾತಿನಲ್ಲಿ ‘ಫ್ಯಾನು’ಗಳ, ರಿಪೇರಿಯವನು. ಕಂಬದೊಳಗಿನ ಏಣಿ ಹತ್ತಿ, ತುದಿಯಲ್ಲಿ ಬಸ್ಸಿನಷ್ಟು ಉದ್ದ ಇರುವ ಯಂತ್ರದ ಪೆಟ್ಟಿಗೆಯೊಳಗೆ ಹೊಕ್ಕು ಕೆಲಸ ಮಾಡುವವನು. ಜಗಳವಾದ ಮರುದಿನ ಮಧ್ಯಾಹ್ನ ಅಲ್ಲಿಂದಲೇ ಫೋನು ಹಚ್ಚುತ್ತಿದ್ದ. ಹಚ್ಚಿದವನು ಮಾತಾಡುತ್ತಿರಲಿಲ್ಲ. ಎತ್ತಿದವಳೂ ಮಾತಾಡುತ್ತಿರಲಿಲ್ಲ. ಅವನ ಕಡೆ ಗಾಳಿಯ ಸದ್ದು, ಇವಳ ಕಡೆ ಕೀಲಿಮಣೆಯ ಸದ್ದು. ಇಬ್ಬರೂ ಒಬ್ಬರ ಉಸಿರು ಒಬ್ಬರು ಕೇಳುತ್ತ ಅರ್ಧ ತಾಸು ಕೂತಿರುತ್ತಿದ್ದರು. ಮೊದಲು ಮಾತಾಡಿದವರು ಸೋತಂತೆ. ಅವಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮುಖ ಗಂಟಿಕ್ಕಿ ಕೆಲಸ ಮಾಡುತ್ತಿದ್ದರೆ, ಇವತ್ತು ಮೌನವ್ರತ ಎಂದು ಇಡೀ ಕಂಟ್ರೋಲ್ ರೂಮಿಗೆ ಗೊತ್ತಾಗುತ್ತಿತ್ತು.

ಅದೇ ತಿಂಗಳ ಒಂದು ಸಂಜೆ ನಡೆದದ್ದು ಮಾತ್ರ ಅಂಥ ಚಿಲ್ಲರೆ ಜಗಳವಲ್ಲ. ಬೆಸುಗೆಗಾಗಿ ನೀಲಾಳಿಗೆ ಸನ್ಮಾನ ಇಟ್ಟುಕೊಂಡಿದ್ದರು. ಚನ್ನವೀರ ಬರುವುದಿಲ್ಲ ಅಂದ. ಮಹಡಿಯ ಮಾತು ಕೆಳಗೆ ನಮಗೆ ಚೆನ್ನಾಗಿ ಕೇಳುತ್ತದೆ. ನಾವು ಕದ್ದು ಕೇಳುವುದಿಲ್ಲ, ಟಿವಿಯ ದನಿ ಸ್ವಲ್ಪ ಸಣ್ಣ ಮಾಡುತ್ತೇವೆ, ಅಷ್ಟೆ.

“ಗಾಳಿ ಇಲ್ಲಂದ್ರ ಫ್ಯಾನ್ ನಿಂದರಬೇಕು ನೀಲಾ. ಕೈಲೇ ತಿರುಗಿಸಿ, ತಿರುಗಾಕತ್ತೈತಿ ನೋಡ್ರಿ ಅಂತ ತೋರಸಬಾರದು. ನಿನ್ನ ಭರ್ತಿ ಅಂದ್ರ ಅದs.”

“ಎರಡು ಸೆಕೆಂಡ್, ಚನ್ನು. ಎರಡs ಸೆಕೆಂಡ್. ಮಂದಿ ಅದರಾಗ ಕೆಮ್ತಾರ, ಸೀನ್ತಾರ.”

“ಎರಡು ಸೆಕೆಂಡಿನ ಸುಳ್ಳೂ ಸುಳ್ಳs.”

“ಹಂಗಾರ ನಾ ಸುಳ್ಳಿ. ಸುಳ್ಳೀ ಜೋಡಿ ಯಾಕ ಮಾತಾಡ್ತಿ? ಬಿಡು.”

ಬಿಟ್ಟರು. ಮರುದಿನ ಬೆಳಿಗ್ಗೆ ಅವನು ಡಬ್ಬಿ ಒಯ್ಯದೆ ಹೋದ. ನನ್ನ ಹೆಂಡತಿ ಕಸ್ತೂರಿ ಮೆಟ್ಟಿಲ ಹತ್ತಿರ ನಿಂತು “ರೊಟ್ಟಿ ಕಟ್ಟಿ ಕೊಡ್ಲೇನೋ?” ಎಂದರೆ, “ಹಸಿವಿಲ್ಲ ಕಾಕು, ನಿನ್ನೆ ರಾತ್ರಿ ಬಾಳ ಬೈಗಳಾ ತಿಂದೀನಿ,” ಎಂದು ಬೈಕು ಹತ್ತಿದ. ಕಾಕು ಎಂದರೆ ಚಿಕ್ಕಮ್ಮ, ಅವನು ಅವಳನ್ನು ಕರೆಯುತ್ತಿದ್ದದ್ದೇ ಹಾಗೆ.

ಮಧ್ಯಾಹ್ನ ನೀಲಾಳಿಗೆ ಅವನ ಫೋನು ಬಂತು. ಅವಳು ಇಯರ್‌ಫೋನ್ ಸಿಕ್ಕಿಸಿಕೊಂಡು ತುಟಿ ಬಿಗಿದು ಕೂತಳು. ನಾನು ಮೂಲೆಯಿಂದ ನೋಡುತ್ತಿದ್ದೆ, ಬೇರೆ ಕೆಲಸವಾದರೂ ಏನಿತ್ತು. ಒಂದು ನಿಮಿಷ ಆಗಿರಲಿಕ್ಕಿಲ್ಲ, ಅವಳ ಮುಖ ಅರಳಿತು. ಮೈಕಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದಳು.

“ಸರ್, ಅವರs ಮೊದಲ ಮಾತಾಡಿದ್ರು. ‘ಊಟ ಆತೇನ?’ ಅಂದ್ರು.”

“ಗೆದ್ದಿ ಬಿಡು.”

“ಸಿಟ್ಟು ಬ್ಯಾಡ ಅಂತಾರ. ತಪ್ಪಾತು ಅಂತಾರ. ತಪ್ಪಾತು ಅಂತ ಲಗ್ನ ಆದಾಗಿಂದ ಅಂದಿದ್ದಿಲ್ಲ ಸರ್.”

ಆದರೂ ಅವಳು ಕೂಡಲೇ ಮಾತಾಡಲಿಲ್ಲ. ಗೆದ್ದ ಸುಖವನ್ನು ಸ್ವಲ್ಪ ಹೊತ್ತು ಅನುಭವಿಸಿದಳು. ಅವನು ಹೇಳುತ್ತಲೇ ಇದ್ದನಂತೆ, ಇವಳು ಸುಮ್ಮನೆ ನಗುತ್ತಲೇ ಇದ್ದಳು. ಬರುವುದು ತಡವಾಗುತ್ತದೆ ಅಂದನಂತೆ. ಕೊನೆಗೆ “ಆತು, ಜ್ವಾಕಿ,” ಎಂದು ಫೋನು ಇಟ್ಟಳು. ಆ ದಿನ ಲಗೂನೇ ಮನೆಗೆ ಹೋಗಿ ಶೇಂಗಾ ಹೋಳಿಗೆಗೆ ಕೂತಳು.

ದೀಪ ಹಚ್ಚುವ ಹೊತ್ತಾಯಿತು, ಚನ್ನವೀರ ಬರಲಿಲ್ಲ. ನೀಲಾ ಬಿಸಿ ಹೋಳಿಗೆಯ ತಟ್ಟೆ ಹಿಡಿದು ನಮ್ಮ ಮನೆಗೇ ಇಳಿದು ಬಂದಳು. ಅಲ್ಲಿಂದಲೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

“ಎಲ್ಲಿದ್ದಿ?”

“ಇಲ್ಲೇ ಅದೀನಿ. ತಡ ಆಗ್ತೈತಿ. ನೀ ಊಟಾ ಮಾಡು.” ಅವನದೇ ದನಿ, ಹಿಂದೆ ಗಾಳಿಯ ಸದ್ದು.

ಕಸ್ತೂರಿ ಬಾಗಿ ಕೂಗಿದಳು. “ಏ ಚನ್ನಪ್ಪಾ, ನಿನ್ನ ಹೋಳಿಗೀನ ನಮ್ಮ ಯಜಮಾನ್ರು ಮುಗಸಾಕತ್ತಾರ ನೋಡು.”

“ಹೂಂ ಅಕ್ಕಾರ. ಆರಾಮ ಅದೀನ್ರಿ. ನೀವು ಆರಾಮಲ್ರಿ?”

ನೀಲಾ ನಗುತ್ತ ಫೋನು ಇಟ್ಟಳು. ಕಸ್ತೂರಿ ನಗಲಿಲ್ಲ. ಅವಳ ಕೈ ತಟ್ಟೆಯ ಮೇಲೆ ಹಾಗೇ ನಿಂತಿತ್ತು.

“ಇಂವ ನನ್ನ ಅಕ್ಕಾರ ಯಾವಾಗಿಂದ ಅನ್ನಾಕತ್ತಿದ? ಮನೀಗೆ ಬಂದ ದಿನದಿಂದ ಕಾಕು ಅಂದಾನ. ಮುಂಜಾನೀನೂ ಕಾಕು ಅಂದ ಹೋದ. ಫೋನಿನಾಗ ನನ್ನ ಜೋಡಿ ಇವತ್ತs ಮೊದಲ ಮಾತಾಡಿದ್ದು ಖರೆ, ಆದ್ರ ನನಗ ರೀ ಹಚ್ಚಿ ಮಾತಾಡೂ ಹುಡುಗ ಅಲ್ಲ ಅದು.”

“ದಣದಿರ್ತಾರ್ರಿ,” ಅಂದಳು ನೀಲಾ.

“ದಣದ್ರ ಯಾರರ ಕಾಕೂನ ಮರೀತಾರೇನವಾ?”

ನನಗೆ ಆ ಕ್ಷಣ ಡೋಣಿಯ ಫಕೀರವ್ವ ನೆನಪಾದಳು. ಹೂಂ ಅಕ್ಕಾ, ಆತಕ್ಕಾ. ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ಇಟ್ಟೆ. ನಾನು ಅದನ್ನು ಹೇಳಿದೆ. ನೀಲಾ ಮೊದಲು ನನ್ನನ್ನು, ಆಮೇಲೆ ಕೈಯೊಳಗಿನ ಫೋನನ್ನು ನೋಡಿದಳು.

“ಆಗೂದಿಲ್ಲ ಸರ್. ಎರಡು ಸೆಕೆಂಡಿನ ಮ್ಯಾಲೆ ಕಟ್ ಆಗಬೇಕು. ನಾನs ಹಾಕೀನಿ ಮಿತಿ,” ಎಂದು ಹೇಳುತ್ತಲೇ ಚಪ್ಪಲಿ ಹುಡುಕುತ್ತಿದ್ದಳು.

ಕಂಟ್ರೋಲ್ ರೂಮು ನಮ್ಮ ಓಣಿಯ ಹಿಂದೆಯೇ ಇದೆ. ಭರ್ತಿಯಾದ ಪ್ರತಿ ಮಾತಿನ ನಕಲೂ ಅಲ್ಲಿಗೆ ಬರಬೇಕು ಎಂಬುದು ನಿಯಮ. ಬರುತ್ತಿತ್ತು. ದೂರು ಇಲ್ಲದ ಮೇಲೆ ಅದನ್ನು ತೆಗೆದು ನೋಡುವವರು ಯಾರು? ನೀಲಾ ಮಧ್ಯಾಹ್ನದಿಂದ ಈಗಿನ ತನಕದ ಕರೆಗಳನ್ನು ಪರದೆಯ ಮೇಲೆ ತೆರೆದಳು. ನಿಜದ ಮಾತು ಹಸಿರು ಗೆರೆ, ಭರ್ತಿ ಮಾತು ಹಳದಿ. ಸಾಮಾನ್ಯವಾಗಿ ಹಸಿರಿನ ನಡುವೆ ಅಲ್ಲೊಂದು ಇಲ್ಲೊಂದು ಸಾಸಿವೆಯಷ್ಟು ಹಳದಿ ಕಾಣಬೇಕು.

ಗೆರೆ ಪೂರಾ ಹಳದಿಯಾಗಿತ್ತು. ಈ ತುದಿಯಿಂದ ಆ ತುದಿಯ ತನಕ ಒಂದು ಚುಕ್ಕೆ ಹಸಿರಿರಲಿಲ್ಲ. ‘ಊಟ ಆತೇನ’ ಹಳದಿ, ‘ತಪ್ಪಾತು’ ಹಳದಿ, ಈಗಷ್ಟೇ ಹೋಳಿಗೆಯ ಮುಂದೆ ಕೇಳಿದ ‘ಊಟಾ ಮಾಡು’ ಕೂಡ ಹಳದಿ. ಆರು ತಾಸಿನಿಂದ ಅವನ ಒಂದು ಮಾತೂ ನಮಗೆ ಮುಟ್ಟಿರಲಿಲ್ಲ, ನಾವು ಮಾತ್ರ ಅವನ ಕ್ಷೇಮ ಕೇಳಿ ಉತ್ತರ ಪಡೆದಿದ್ದೆವು.

“ಜಿಗಿತಾ ನೋಡ್ರಿ,” ಅಂದಳು ನೀಲಾ. ಅವಳ ಬೆರಳು ಕೀಲಿಮಣೆಯ ಮೇಲೆ ಓಡುತ್ತಲೇ ಇತ್ತು. “ಅವರ ಫ್ಯಾನ್ ರಿಪೇರಿಗೆ ನಿಂತೈತಿ. ಆಜೂಬಾಜೂದವು ತಿರಗಾಕತ್ತಾವ. ಒಂದೊಂದು ರೆಕ್ಕಿ ಅಡ್ಡ ಬಂದಾಗೂ ಫೋನು ಟವರಿಗೆ ಜಿಗೀತೈತಿ, ರೆಕ್ಕಿ ಹೋದಕೂಡ್ಲೇ ಫ್ಯಾನಿನ ರೇಡಿಯೋಕ್ಕ ಜಿಗೀತೈತಿ. ಎರಡು ಸೆಕೆಂಡಿನ ಮಿತಿ ನಾ ಒಂದೊಂದು ಜಿಗಿತಕ್ಕ ಹಾಕೀನಿ ಸರ್. ಇಡೀ ಕರೆಗೆ ಹಾಕಿಲ್ಲ.”

ಅಂದರೆ ಎಣಿಕೆ ಎರಡು ಮುಟ್ಟುವ ಮೊದಲೇ ಹೊಸ ರೆಕ್ಕೆ ಬರುತ್ತಿತ್ತು, ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. ಗಾಳಿ ಬೀಸುತ್ತಿರುವ ತನಕ ಟೊಂಯ್ ಎಂಬ ಸದ್ದು ಬರುವ ಹಾಗೇ ಇರಲಿಲ್ಲ. ಜಾಲ ಕಟ್ಟುವವರು ಮಾತ್ರ ಮಾಡಬಲ್ಲ ತಪ್ಪು ಅದು. ಅವರಿಗೆ ಜಿಗಿತ ಕಾಣುತ್ತದೆ, ಮಾತು ಕಾಣುವುದಿಲ್ಲ.

“ಹಂಗಾರ ಅಂವ ನಿಜವಾಗಿ ಏನಂದಾನ?” ಎಂದೆ.

ಅವನ ಫೋನು ಕೇಳಿಸಿಕೊಂಡ ನಿಜದ ಮಾತು ತುಂಡು ತುಂಡಾಗಿ, ತಡವಾಗಿ ಬಂದು ಒಂದು ಮೂಲೆಯಲ್ಲಿ ಬಿದ್ದಿತ್ತು. ಯಾರ ಕಿವಿಗೂ ಹೋಗದ ಆ ಚೂರುಗಳನ್ನು ನೀಲಾ ಜೋಡಿಸಿದಳು. ಮಧ್ಯಾಹ್ನದ ಮೊದಲ ಚೂರಿನಲ್ಲಿ ಬರೀ ಗಾಳಿ, ಉಸಿರು. ಪದ್ಧತಿಯ ಹಾಗೆ ಅವನೂ ಸುಮ್ಮನೆ ಕೂತಿದ್ದ. ಆಮೇಲೆ ಒಂದು ಕಬ್ಬಿಣದ ಸದ್ದು. ಆಮೇಲೆ ಚೀತ್ಕಾರ.

“ನೀಲಾ, ಕೈ... ಹಲ್ಲಿನ ಗಾಲ್ಯಾಗ ಕೈ... ತಕ್ಕೊಳಾಕ ಬರವಲ್ದು. ಮಂದೀನ ಕಳಸು.”

ಗಾಳಿಯ ದಿಕ್ಕಿಗೆ ತಕ್ಕಂತೆ ಯಂತ್ರದ ತಲೆ ತಿರುಗಿಸುವ ಹಲ್ಲುಚಕ್ರ ಒಂದಿರುತ್ತದೆ. ಅದರೊಳಗೆ ಅವನ ಎಡಗೈ ಸಿಕ್ಕಿತ್ತು. ಫೋನು ದೂರದ ಚೀಲದಲ್ಲಿ, ಬಂದ ಕರೆಯನ್ನು ತಾನೇ ಎತ್ತಿಕೊಳ್ಳುವಂಥದ್ದು. ಮಾತು ಹೋಗಿಬರುತ್ತಿದ್ದದ್ದು ಹೆಲ್ಮೆಟ್ಟಿನೊಳಗಿನ ಇಯರ್‌ಫೋನಿನಿಂದ. ಅವನು ಕೂಗಿದ ಹೊತ್ತಿಗೆ ಇಲ್ಲಿ ನೀಲಾಳ ಕಿವಿಯಲ್ಲಿ ‘ತಪ್ಪಾತು’ ಎಂಬ ಮಾತು ಬಿದ್ದಿತ್ತು. ಇವಳು ಗೆದ್ದೆ ಎಂದು ನಗುತ್ತಿದ್ದಳು.

ಎಣ್ಣೆ ಡಬ್ಬ ತರಲು ಇಳಿದು ಹೋಗಿದ್ದ ಅವನ ಜೊತೆಗಾರನ ಫೋನೂ ಬಂದಿತ್ತು. ಅವನಿಗೆ ಸಿಕ್ಕ ಉತ್ತರ ಹಳದಿಯದು. ‘ಕೆಲಸ ಮುಗೀತು, ನೀ ಮನೀಗೆ ಹೋಗು.’ ಅವನು ಪಾಪ ಮನೆಗೆ ಹೋಗಿದ್ದ.

ಇಷ್ಟಕ್ಕೇ ಮುಗಿಯಲಿಲ್ಲ. ನೀಲಾ ಎರಡನೆಯ ಗೆರೆ ತೆರೆದಳು. ಅದು ಚನ್ನವೀರನ ಕಿವಿಗೆ ಹೋದ ನೀಲಾಳ ಮಾತು. ಆ ಹೊತ್ತಿನಲ್ಲಿ ಅವಳು ಮಾತೇ ಆಡಿರಲಿಲ್ಲ, ನಾನೇ ಕಣ್ಣಾರೆ ಕಂಡಿದ್ದೆ. ಆದರೆ ಮೌನ ಎಂದರೆ ಬೆಸುಗೆಯ ಲೆಕ್ಕದಲ್ಲಿ ಕಳೆದುಹೋದ ಮಾತು. ಅದಕ್ಕೆ ಸುಮ್ಮನಿರುವುದನ್ನು ಯಾರೂ ಕಲಿಸಿರಲಿಲ್ಲ. ಆ ಗೆರೆಯೂ ಉದ್ದಕ್ಕೂ ಹಳದಿಯಾಗಿತ್ತು. ನೀಲಾ ಅದನ್ನು ಹಚ್ಚಿದಳು. ನನ್ನ ಪಕ್ಕದಲ್ಲಿ ಬಾಯಿ ಮುಚ್ಚಿ ನಿಂತಿದ್ದ ನೀಲಾ, ಸ್ಪೀಕರಿನಲ್ಲಿ ಮಾತಾಡಿದಳು.

“ಆತು ಚನ್ನು. ಮಂದೀನ ಕಳಿಸೀನಿ. ಬರಾಕತ್ತಾರ. ನೀ ಹೆದರಬ್ಯಾಡ, ನಾ ಲೈನಿನ್ಯಾಗ ಅದೀನಿ.”

“ನಾ ಇದನ್ನ ಅಂದಿಲ್ಲ,” ಅಂದಳು ನಿಜವಾದ ನೀಲಾ. “ಸರ್, ದೇವರಾಣಿ, ನಾ ಇದನ್ನ ಅಂದಿಲ್ಲ.”

ಅಲ್ಲಿ ಅದು ಮುಂದುವರಿದೇ ಇತ್ತು. ಇವಳು ಫೋನು ಇಟ್ಟ ಸುದ್ದಿಯೂ ಜಿಗಿತದಲ್ಲಿ ಕಳೆದುಹೋಗಿತ್ತು. ಅವನ ಫೋನಿನ ಪ್ರಕಾರ ಅವಳು ಫೋನು ಇಟ್ಟೇ ಇರಲಿಲ್ಲ. ಇವಳು ಹೋಳಿಗೆಗೆ ಕಣಕ ನಾದುವಾಗ, ಅಲ್ಲಿ ಇವಳ ದನಿ ಅವನಿಗೆ ನಿದ್ದೆ ಬಾರದ ಹಾಗೆ ಮಾತಾಡಿಸುತ್ತಿತ್ತು. ‘ಎಲ್ಲೀ ತನಕ ಬಂದಾರ?’ ಎಂದು ಅವನು ಕೇಳಿದಾಗಲೆಲ್ಲ ಒಂದೊಂದು ಊರಿನ ಹೆಸರು ಹೇಳುತ್ತಿತ್ತು. ಮುಂಡರಗಿ ದಾಟ್ಯಾರ. ಡೋಣಿಗೆ ಬಂದಾರ. ಗುಡ್ಡಾ ಹತ್ತಾಕತ್ತಾರ. ಸಹಾಯ ಬರುತ್ತಿದೆ ಎಂದು ನಂಬಿ ಅವನು ಕೂಗುವುದನ್ನು ನಿಲ್ಲಿಸಿದ್ದ. ಕೆಳಗೆ ದನ ಕಾಯುವವರಿದ್ದರು, ಕೂಗಿದ್ದರೆ ಯಾರಿಗಾದರೂ ಕೇಳುತ್ತಿತ್ತು. ಇದನ್ನು ಕೇಳುತ್ತ ನಿಂತಾಗ ನನಗೆ ಆದದ್ದು ಭಯವಲ್ಲ, ಅಸಹ್ಯ. ನಾನು ಇಷ್ಟು ವರ್ಷ ಅನ್ನ ತಿಂದ ಮನೆಯ ಗೋಡೆಯೊಳಗೆ ಹಾವು ಇತ್ತು ಅನ್ನಿಸಿತು.

“ಅಗ್ನಿಶಾಮಕದವ್ರಿಗೆ ಹಚ್ಚಿರಿ ಸರ್. ನಿಮ್ಮ ತಂತಿ ಫೋನಿನಿಂದ. ಮೊಬೈಲ್ ಮುಟ್ಟಬ್ಯಾಡ್ರಿ.”

ನನ್ನ ಮೇಜಿನ ಮೇಲೆ ದೂರಿಗೆಂದು ಇಟ್ಟ ಹಳೆಯ ತಂತಿ ಫೋನು ಬೆಸುಗೆಗೆ ಸೇರಿರಲಿಲ್ಲ. ಅದರಿಂದ ಹಚ್ಚಿದೆ. ಹೊರಡುತ್ತೇವೆ ಅಂದರು. ಈ ಮಾತನ್ನು ನಿಜವಾದ ಮನುಷ್ಯನೇ ಆಡಿದನೋ ಇಲ್ಲವೋ ಎಂದು ನನಗೆ ಒಂದು ಗಳಿಗೆ ಸಂಶಯ ಬಂತು. ಹೆಸರೇನು ಎಂದು ಕೇಳಿದೆ. “ಯಾಕ, ಆಧಾರ್ ನಂಬರೂ ಹೇಳ್ಲೇನ?” ಎಂದು ಅತ್ತ ಕಡೆಯವನು ಬೈದ. ಜೀವಕ್ಕೆ ಸಮಾಧಾನವಾಯಿತು.

ಅಷ್ಟರಲ್ಲಿ ನೀಲಾ ನನ್ನ ತೋಳು ಹಿಡಿದಳು. ಸ್ಪೀಕರಿನಲ್ಲಿ ಈಗಷ್ಟೇ ಬಂದ ಚೂರು. ಚನ್ನವೀರನ ದನಿ ಬತ್ತಿ ಹೋಗಿತ್ತು. “ಬಂದ್ರೇನ? ಬೆಲ್ಟ್ ಬಿಚ್ಚಲ್ಯಾ? ನಿಂದ್ರಾಕ ಆಗವಲ್ದು.” ಅದಕ್ಕೆ ಹಳದಿ ನೀಲಾಳ ಉತ್ತರ: “ಬಂದ್ರು. ಬಾಗಲದಾಗ ಅದಾರ. ಇನ್ನ ಸ್ವಲ್ಪ.”

“ಬೆಲ್ಟ್ ಬಿಚ್ಚಿದ್ರ?” ಎಂದೆ.

“ಸೊಂಟಕ್ಕ ಕಟ್ಟಿದ ಬೆಲ್ಟಿನ ಆಧಾರದ ಮ್ಯಾಲೆ ನಿಂತಾರ್ರಿ ಅವರು. ಬಿಚ್ಚಿದ್ರ ಕೆಳಗ ಎಣ್ಣಿ ಡಬ್ಬಾ ಏರಸೂ ಬಾಗಲಾ ತೆರದೈತಿ, ಸೀದಾ ನೆಲಾ.” ನೀಲಾ ಭರ್ತಿ ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟಳು, ಒತ್ತಲಿಲ್ಲ. “ಇದನ್ನ ಬಂದ್ ಮಾಡಿದ್ರ ನನ್ನ ದನಿ ಒಮ್ಮೆಲೇ ನಿಂದರ್ತೈತಿ, ಉಸಿರೂ ಕೇಳೂದಿಲ್ಲ. ಬಾಗಲಕ್ಕ ಬಂದಾರ ಅಂತ ಬಿಚ್ಚೇ ಬಿಡ್ತಾರ. ನಿಜವಾದ ನನ್ನ ಮಾತು ಮುಟ್ಟಬೇಕಂದ್ರ ಜಿಗಿತ ನಿಂದರಬೇಕು. ಜಿಗಿತ ನಿಂದರಬೇಕಂದ್ರ ರೆಕ್ಕಿ ನಿಂದರಬೇಕು. ಸರ್, ಆ ಸಾಲಿನ ಫ್ಯಾನ್ ಎಲ್ಲಾ ನಿಲ್ಲಿಸಾಕ ಹೇಳ್ರಿ.”

ಗುಡ್ಡದ ಬುಡದಲ್ಲಿದ್ದ ಗಾಳಿಯಂತ್ರಗಳ ಸ್ಟೇಷನ್ನಿಗೆ ಹಚ್ಚಿದೆ. ಪಾಳಿಯವನು ಎತ್ತಿದ. ಗಾಳಿ ಭರ್ಜರಿ ಬೀಸುತ್ತಿದೆ, ಇಂಥ ಹೊತ್ತಿನಲ್ಲಿ ಸಾಲಿಗೆ ಸಾಲು ನಿಲ್ಲಿಸಲು ತನಗೆ ಅಧಿಕಾರವಿಲ್ಲ, ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದ. ಇಷ್ಟು ವರ್ಷ ಈ ಫೋನಿನಲ್ಲಿ ನಾನು ಕೇಳಿಸಿಕೊಂಡ ಬೈಗುಳವನ್ನೆಲ್ಲ ಅದೇ ಫೋನಿನಲ್ಲಿ ಅವನಿಗೆ ಒಪ್ಪಿಸಿದೆ. ಅವನ ಅವ್ವನನ್ನೂ ಬಿಡಲಿಲ್ಲ, ಅವನ ಅಧಿಕಾರಿಯ ಅವ್ವನನ್ನೂ ಬಿಡಲಿಲ್ಲ. ಬೈಗುಳದ ನಡುವೆ ಒಂದು ಮಾತು ಹೇಳಿದೆ. “ನಿಮ್ಮ ಚನ್ನವೀರ ಮ್ಯಾಲೆ ಅದಾನ. ಇನ್ನೂ ಜೀವಂತ ಅದಾನ.”

“ಚನ್ನಣ್ಣ ಮಧ್ಯಾಹ್ನನs ಇಳದ ಹೋದ್ನಲ್ರಿ,” ಅಂದ ಅವನು. “ನಾ ಹಚ್ಚಿದಾಗ ಫೋನಿನಾಗ ತಾನs ಹೇಳಿದ್ನಲ್ಲ.” ಅವನಿಗೂ ತಿಳಿಯಿತೆಂದು ಕಾಣುತ್ತದೆ. ಗುಂಡಿ ಒತ್ತಿದ ಸದ್ದು ಕೇಳಿಸಿತು.

ನಾವು ಪರದೆ ನೋಡುತ್ತ ನಿಂತೆವು. ದೊಡ್ಡ ರೆಕ್ಕೆಗಳು ಕೂಡಲೇ ನಿಲ್ಲುವುದಿಲ್ಲ. ಜಿಗಿತಗಳ ನಡುವಿನ ಅಂತರ ಹೆಚ್ಚಾಗುತ್ತ ಬಂತು. ಒಮ್ಮೆ ಹಸಿರಿನ ಒಂದು ಚುಕ್ಕೆ ಮೂಡಿ ಮಾಯವಾಯಿತು. ಮತ್ತೊಂದು ಮೂಡಿತು. ಕಪ್ಪತಗುಡ್ಡದ ಮೇಲೆ ಗಾಳಿ ಜೋರಾಗಿ ಬೀಸುತ್ತಿರುವಾಗ ಫ್ಯಾನುಗಳೆಲ್ಲ ಒಂದೊಂದಾಗಿ ನಿಂತವು. ಕೊನೆಗೆ ಗೆರೆ ಹಸಿರಾಗಿ ಉಳಿಯಿತು. ನೀಲಾ ಆಗ ಅವನ ಫೋನಿನ ಭರ್ತಿ ನಿಲ್ಲಿಸಿ ಇಯರ್‌ಫೋನ್ ಹಾಕಿಕೊಂಡಳು.

ಅವಳು ಮಾತಾಡಲಿಲ್ಲ.

ಮಾತಾಡು ಎಂದು ನಾನು ಕೈಸನ್ನೆ ಮಾಡಿದೆ. ಅವಳು ತಲೆ ಅಲ್ಲಾಡಿಸಿದಳು. ಕಣ್ಣೀರು ಸುರಿಯುತ್ತಿತ್ತು, ತುಟಿ ಬಿಗಿದುಕೊಂಡಿದ್ದಳು. ಸ್ಪೀಕರಿನಲ್ಲಿ ಅವನ ಉಸಿರು, ಗಾಳಿ. ತನ್ನ ಕಡೆಯ ಸದ್ದು ಅವನಿಗೆ ಕೇಳಲೆಂದು ಅವಳು ಕೀಲಿಮಣೆಯನ್ನು ಒತ್ತುತ್ತಿದ್ದಳು. ಆಗ ನನಗೆ ಅರ್ಥವಾಯಿತು. ಆರು ತಾಸು ಅವಳ ದನಿಯಲ್ಲಿ ಮಾತಾಡಿದ್ದು ಒಂದು ಕೆಲಸವನ್ನು ಮಾತ್ರ ಮಾಡಲಾರದು, ಸುಮ್ಮನಿರಲಾರದು.

ಕೊನೆಗೆ ಅವನು ಕೇಳಿದ. “ನೀಲಾ... ಈಗ ನೀನs ಏನು?”

“ನಾನs, ಚನ್ನು. ಬೆಲ್ಟ್ ಬಿಚ್ಚಬ್ಯಾಡ. ಅಲ್ಲಿ ಯಾರೂ ಬಂದಿಲ್ಲ. ನನಗ ಈಗ ಗೊತ್ತಾತು. ಈಗ ಹೊಂಟಾರ. ನಾ ಸುಳ್ಳ ಹೇಳೂದಿಲ್ಲ, ಅವರಿಗೆ ತಾಸು ಹಿಡೀತೈತಿ.”



“ಹಂಗಾರ ಮಧ್ಯಾಹ್ನದಿಂದ ನನ್ನ ಜೋಡಿ ಮಾತಾಡಿದಾಕಿ ಯಾರು?”



ಅವನನ್ನು ಇಳಿಸಿದರು. ಜೀವ ಉಳಿಯಿತು, ಎಡಗೈ ಉಳಿಯಲಿಲ್ಲ. ಮರುದಿನ ಆಸ್ಪತ್ರೆಗೆ ನಾನೂ ಕಸ್ತೂರಿಯೂ ಹೋದಾಗ ವಾರ್ಡಿನ ಹೊರಗಿಂದಲೇ ಅವರ ದನಿ ಕೇಳಿತು.

“ನೀ ಅಲ್ಲೆ ಫೋನಿನಾಗ ಕ್ಷಮಾ ಕೇಳಿದಿ. ನಾ ಕ್ಷಮಾ ಮಾಡಿದೆ. ಅದೂ ಸುಳ್ಳೇನ?”

“ನೀನೂ ತಪ್ಪಾತು ಅಂದಿ. ನಾ ಹೋಳಿಗಿ ಮಾಡಿದೆ.”

“ನಾ ಯಾಕ ತಪ್ಪಾತು ಅನ್ಲಿ? ನಾ ಹೇಳಿದ್ದs ಖರೇ ಆತಲ್ಲ.”

“ಆತು. ಖರೇನs ಆತು. ಹಂಗಂತ ಡಬ್ಬೀ ಬಿಟ್ಟ ಹೋಗ್ತಾರೇನ?”

ಅವಳು ಅಳುತ್ತ ಜಗಳಾಡುತ್ತಿದ್ದಳು, ಅವನು ಒಂದೇ ಕೈ ಬೀಸಿ ಜಗಳಾಡುತ್ತಿದ್ದ. ಕಸ್ತೂರಿ ಒಳಗೆ ಕಾಲಿಟ್ಟ ಕೂಡಲೇ “ಕಾಕು, ಇಕೀಗೆ ಸ್ವಲ್ಪ ಬುದ್ಧಿ ಹೇಳ,” ಅಂದ. ಕಸ್ತೂರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ನನಗೂ ತಡೆಯಲಾಗಲಿಲ್ಲ.

ನೀಲಾ ಅಲ್ಲಿಂದ ಸೀದಾ ಕಂಟ್ರೋಲ್ ರೂಮಿಗೆ ಬಂದಳು. ಪೂರಾ ಹಳದಿಯಾದ ಕರೆಗಳನ್ನೆಲ್ಲ ತೋರಿಸು ಎಂದು ಯಂತ್ರಕ್ಕೆ ಹೇಳಿದಳು. ಒಂದೋ ಎರಡೋ ಇರಬಹುದು ಅಂದುಕೊಂಡಿದ್ದೆವು. ಜಿಲ್ಲೆಯ ನಕ್ಷೆಯಲ್ಲಿ ಕಪ್ಪತಗುಡ್ಡದ ಸಾಲು ಉದ್ದಕ್ಕೂ ಅರಿಸಿನ ಚೆಲ್ಲಿದ ಹಾಗೆ ಕಂಡಿತು. ಎರಡೂ ಕಡೆ ಹಳದಿಯಾದ ಕರೆಗಳೂ ಇದ್ದವು. ಅಲ್ಲಿ ಯಾರೂ ಯಾರೊಂದಿಗೂ ಮಾತಾಡಿರಲಿಲ್ಲ, ಎರಡು ಫೋನು ಒಂದನ್ನೊಂದು ಊಟವಾಯಿತೇ ಎಂದು ಕೇಳಿಕೊಂಡಿದ್ದವು. ಡೋಣಿಯ ಮುದುಕಿಯನ್ನು ಬಿಟ್ಟರೆ ಒಬ್ಬರೂ ದೂರು ಕೊಟ್ಟಿರಲಿಲ್ಲ. ಉಳಿದವರಿಗೆ ಏನೂ ಕಡಿಮೆ ಅನ್ನಿಸಿರಲಿಲ್ಲ. ನೀಲಾ ಯಾರನ್ನೂ ಕೇಳಲಿಲ್ಲ, ಇಡೀ ಜಿಲ್ಲೆಯ ಭರ್ತಿಯನ್ನು ನಿಲ್ಲಿಸಿಬಿಟ್ಟಳು.

ನನ್ನ ತಂತಿ ಫೋನು ಹೊಡೆದುಕೊಳ್ಳತೊಡಗಿತು. ಲೈನು ಕಟ್ ಆಗುತ್ತದೆ, ಹಲೋ ಅಂದರೆ ಕೇಳುವುದಿಲ್ಲ, ನಿಮ್ಮ ಟವರಿಗೆ ಬೆಂಕಿ ಹತ್ತಲಿ. ಹಳೆಯ ನೆಂಟರು ಮನೆಗೆ ಬಂದ ಹಾಗೆ ಒಂದೊಂದನ್ನೂ ಕೇಳಿಸಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಆ ಮುದುಕಿಯ ಫೋನು ಬಂತು.

“ಸಾಹೇಬ್ರ, ನಾ ಡೋಣಿ ಫಕೀರವ್ವ. ನಮ್ಮ ತಮ್ಮಗ ಹಚ್ಚಿದ್ರ ಫೋನು ಎತ್ಕೊಂತೈತ್ರಿ. ಅಂವ ಮಾತs ಆಡವಲ್ಲ. ಬರೇ ಗಾಳಿ ಕೇಳತೈತಿ. ನಿನ್ನೀ ತನಕ ಛೊಲೋ ಮಾತಾಡಿದ್ನಲ್ರಿ.”

ನೀಲಾ ತನ್ನ ಕುರ್ಚಿಯಿಂದ ನನ್ನ ಮುಖ ನೋಡುತ್ತಿದ್ದಳು. ನನಗೆ ಅತ್ತ ನೋಡಲಾಗಲಿಲ್ಲ.

“ಅಜ್ಜೀ,” ಎಂದೆ, “ನಿಮ್ಮ ತಮ್ಮ ನಿಮ್ಮನ್ನ ಕಡೀಕ ಬೈದದ್ದು ಯಾವಾಗ?”

ಅವಳು ಯೋಚಿಸಿದಳು.

“ನಾಗರ ಪಂಚಮಿಗೆ ನಾ ಉಂಡೀ ಕಳಿಸಿದ್ದೆಲ್ರಿ, ಬೆಲ್ಲಾ ಬಾಳ ಆಗೈತಿ ಅಂತ ಬೈದಿದ್ದಾ ನೋಡ್ರಿ,” ಅಂದಳು. “ಆಮ್ಯಾಲೆ ಬೈದಿಲ್ಲ. ಯಾಕ್ರೀ?”

ಕಿಟಕಿಯ ಹೊರಗೆ ದಸರೆಯ ಬನ್ನಿ ಮಾರುವವರು ಕೂಗುತ್ತಿದ್ದರು. ಗುಡ್ಡದ ಯಾವ ಕಡೆಗೆ ಹೋಗಿದ್ದ ಎಂದು ಅವಳನ್ನು ಕೇಳಲು ನನಗೆ ಬಾಯಿ ಬರಲಿಲ್ಲ.